ಕೆಲ್ಲಿವಿಲ್‌ನ ಹಲ್ಲಿ ಮೆಲ್ಬರ್ನ್‌ಗೆ ಹೋಗಿ ಬಂದದ್ದು

ಏಪ್ರಿಲ್ ತಿಂಗಳ ಶಾಲೆ ರಜೆಯಲ್ಲಿ, ಗುರುವಾರ ಬೆಳಿಗ್ಗೆ ಬೇಗ ಹೊರಡುವುದೆಂದು ಹಿಂದಿನ ದಿನ ನಿಶ್ಚಯಿಸಿ, ಬಿಸಿಲು ಚೆನ್ನಾಗಿ ಏರಿದ ಮೇಲೆ ಸಿಡ್ನಿಯ ಕೆಲ್ಲಿವಿಲ್‌ನ ನಮ್ಮ ಮನೆಯಿಂದ ಹೊರಟೆವು. ತಡವಾದದ್ದು ಹಗ್ಗದಿಂದ. ನಮ್ಮವರು, ಅಂದರೆ ರಾಘವೇಂದ್ರ, ಉದ್ಯೋಗದಲ್ಲಿ ನೆಟ್‌ವರ್ಕ್ ಎಂಜಿನಿಯರ್. ಆದರೆ ಕೈಗೊಂದು ಹಗ್ಗ ಸಿಕ್ಕರೆ ಮನುಷ್ಯ ಬೇರೆಯೇ ಆಗಿಬಿಡುತ್ತಾರೆ. ಕಾರಿನ ಹಿಂದಿನ ಸೀಟುಗಳನ್ನು ಮಡಚಿ, ಹಳೆಯ ಚಾದರಗಳಲ್ಲಿ ಸುತ್ತಿದ ದೇವರ ಮಂಟಪವನ್ನು ಮಲಗಿಸಿ, ಅದನ್ನು ಐದು ಕಡೆಯಿಂದ ಬಿಗಿದು, ಬಿಚ್ಚಿ, ಮತ್ತೆ ಬಿಗಿದರು.

"ಸಾಕ್ರಿ, ಅದೇನು ಓಡಿ ಹೋಗ್ತದೇನು?" ಅಂದೆ.

"ನಿಂಗ ಗೊತ್ತಿಲ್ಲ. ಬ್ರೇಕ್ ಹಾಕಿದರ ಸೀದಾ ನಮ್ಮ ಬೆನ್ನಿಗೆ ಬರ್ತದ," ಅಂದರು.

ಮಂಟಪದ ಕಥೆ ಹೇಳಿಬಿಡುತ್ತೇನೆ. ಧಾರವಾಡದಲ್ಲಿ ನಮ್ಮ ಮಾವನವರು ಸಾಗವಾನಿಯಲ್ಲಿ ಮಾಡಿಸಿದ್ದು. ನಾಲ್ಕು ಕಂಬ, ಮೇಲೊಂದು ಪುಟ್ಟ ಗೋಪುರ, ಹಿಂದೆ ದಪ್ಪ ಹಲಗೆ. ಒಂಬತ್ತು ವರ್ಷದ ಕೆಳಗೆ ನಾವು ಇಲ್ಲಿಗೆ ಬಂದಾಗ ಹಡಗಿನಲ್ಲಿ ಬಂತು. ಬಂದ ಮೇಲೆ ನೋಡಿದರೆ ನಮ್ಮ ಮನೆಯ ಯಾವ ಮೂಲೆಗೂ ಅದು ಹಿಡಿಸಲಿಲ್ಲ. ದೇವರು ಗೋಡೆಯ ಕಪಾಟಿನಲ್ಲಿ ಕೂತರು, ಮಂಟಪ ಗ್ಯಾರೇಜಿನಲ್ಲಿ ನಿಂತಿತು. ಈಗ ಮೆಲ್ಬರ್ನ್‌ನ ಕ್ಲೈಡ್ ನಾರ್ತ್‌ನಲ್ಲಿ ನಮ್ಮವರ ತಂಗಿ ಸುಧಾ ಮನೆ ಕಟ್ಟಿಸಿದ್ದಳು, ಭಾನುವಾರ ಗೃಹಪ್ರವೇಶ. ದೇವರ ಮನೆಯ ಅಳತೆಯನ್ನು ಮಂಟಪದ ಅಳತೆಗೇ ಹಾಕಿಸಿದ್ದೇನೆ, ತಂದುಕೊಡಿ ಎಂದು ಕೇಳಿದ್ದಳು.

ಹೋಗುವುದಕ್ಕೆ ಇನ್ನೊಂದು ಕಾರಣವಿತ್ತು, ಅದನ್ನು ನಾವಿಬ್ಬರೂ ಬಾಯಿ ಬಿಟ್ಟು ಆಡಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಸುಧಾಳಿಗೆ ಬಸುರಿನ ಐದನೆಯ ತಿಂಗಳಲ್ಲಿ ಕೂಸು ಹೋಯಿತು. ಆಗ ಅವರಿದ್ದದ್ದು ಕ್ಲೇಟನ್‌ನ ಬಾಡಿಗೆ ಮನೆಯಲ್ಲಿ. ನಾನು ವಿಮಾನದಲ್ಲಿ ಹೋಗಿ ಒಂದು ವಾರ ಇದ್ದು ಬಂದೆ. ಆ ವಾರವಿಡೀ ಅವಳು ಅಳಲಿಲ್ಲ, ಆಮೇಲೂ ಅತ್ತಳೆಂದು ಯಾರೂ ಹೇಳಲಿಲ್ಲ. ಫೋನ್ ಮಾಡಿದರೆ ಹೊಸ ಮನೆಯ ಟೈಲ್ಸ್, ಕಿಟಕಿಯ ಪರದೆ ಇಷ್ಟೇ ಮಾತು. ಮೊದಲು ಒಂದು ಫೋನಿಗೆ ಅಡುಗೆಯೆಲ್ಲ ಮುಗಿಯುವಷ್ಟು ಹರಟುತ್ತಿದ್ದ ಹುಡುಗಿ ಅವಳು. ಮಂಟಪದ ನೆವದಲ್ಲಿ ಅವಳನ್ನು ಕಣ್ಣಾರೆ ನೋಡಬೇಕಿತ್ತು.

ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೆಚ್ಚುಕಡಿಮೆ ಒಂಬೈನೂರು ಕಿಲೋಮೀಟರ್. ಗಟ್ಟಿಗರು ಒಂದೇ ದಿನದಲ್ಲಿ ಹೋಗುತ್ತಾರೆ. ನಾವು ಎರಡು ದಿನ ಇಟ್ಟುಕೊಂಡಿದ್ದೆವು. ಊರು ದಾಟುವವರೆಗೆ ಟೋಲ್ ಯಂತ್ರ ಕೂಗುತ್ತಲೇ ಇರುತ್ತದೆ. ಆಮೇಲೆ ರಸ್ತೆ ಅಗಲ, ಸಪಾಟು, ಎರಡೂ ಕಡೆ ಒಣಹುಲ್ಲು, ಅಲ್ಲಲ್ಲಿ ಕುರಿ. ಗೋಲ್ಬರ್ನ್‌ನಲ್ಲಿ ರಸ್ತೆ ಪಕ್ಕಕ್ಕೆ ಮೂರಂತಸ್ತಿನ ಎತ್ತರದ ಸಿಮೆಂಟಿನ ಟಗರು ನಿಂತಿದೆ. ಅದರ ನೆರಳಿನಲ್ಲಿ ಕಾರು ನಿಲ್ಲಿಸಿ ಬುತ್ತಿ ಬಿಚ್ಚಿದೆವು. ಮೆಂತ್ಯದ ಚಪಾತಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಗಾಳಿ ತಣ್ಣಗಿತ್ತು. ನಮ್ಮವರು ತಿನ್ನುವ ಮೊದಲು ಹಗ್ಗ ನೋಡಿ ಬಂದರು, ತಿಂದ ಮೇಲೆ ಇನ್ನೊಮ್ಮೆ ನೋಡಿ ಬಂದರು.

ಗುಂಡಗಾಯ್ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಒಬ್ಬ ಪಂಜಾಬಿ ಟ್ರಕ್ ಡ್ರೈವರ್ ನಮ್ಮ ಕಾರಿನ ಹಿಂದಿನ ಗಾಜಿನಲ್ಲಿ ಇಣುಕುತ್ತಿದ್ದ. ಚಾದರ ಸರಿದು ಗೋಪುರದ ತುದಿ ಕಾಣುತ್ತಿತ್ತು. ಮಂದಿರ ಎಲ್ಲಿಗೆ ಹೊರಟಿದೆ ಎಂದು ಹಿಂದಿಯಲ್ಲಿ ಕೇಳಿದ. ಮೆಲ್ಬರ್ನ್‌ಗೆ, ನಾದಿನಿಯ ಮನೆಗೆ ಅಂದೆ. ಒಳಗೆ ದೇವರಿದ್ದಾನೆಯೇ ಎಂದ. ಇಲ್ಲ, ಖಾಲಿ ಎಂದೆ. ಆದರೂ ಚಪ್ಪಲಿ ಬಿಟ್ಟು ಗಾಜಿಗೆ ಕೈ ಮುಗಿದ. ಖಾಲಿಯಿದ್ದರೂ ಯಾರಾದರೂ ಕೂತಿರುತ್ತಾರೆ ಬಿಡಿ ಎಂದು ನಗುತ್ತ ಟ್ರಕ್ ಹತ್ತಿದ. ಆ ಮನುಷ್ಯ ಹೇಳಿದ್ದು ಎಷ್ಟು ನಿಜ ಎಂದು ನಮಗೆ ತಿಳಿಯಲು ಇನ್ನೆರಡು ದಿನ ಬೇಕಾಯಿತು.

ರಾತ್ರಿ ಆಲ್ಬರಿಯ ಒಂದು ಮೋಟೆಲ್‌ನಲ್ಲಿ ತಂಗಿದೆವು. ಹಾಸಿಗೆ ಬೆಚ್ಚಗಿತ್ತು, ಚಹಾ ಮಾತ್ರ ನೀರು. ಮಂಟಪವನ್ನು ಕಾರಿನಲ್ಲೇ ಬಿಡಬೇಕಾಯಿತೆಂದು ನಮ್ಮವರು ಮೂರು ಸಲ ಕಿಟಕಿಗೆ ಹೋದರು. ಮರುದಿನ ಬೆಳಿಗ್ಗೆ ಮರ್ರೀ ನದಿ ದಾಟಿದೆವು. ಸೇತುವೆಯ ಈಚೆಗೆ ನ್ಯೂ ಸೌತ್ ವೇಲ್ಸ್, ಆಚೆಗೆ ವಿಕ್ಟೋರಿಯಾ. ಒಂದು ಫಲಕ ಬಿಟ್ಟರೆ ಯಾವ ಗುರುತೂ ಇಲ್ಲ, ಯಾರೂ ತಡೆಯುವುದಿಲ್ಲ. ನಾವೂ ಏನೂ ಯೋಚಿಸದೆ ದಾಟಿದೆವು.

ಮಧ್ಯಾಹ್ನದ ಹೊತ್ತಿಗೆ ಕ್ಲೈಡ್ ನಾರ್ತ್. ಮೆಲ್ಬರ್ನ್‌ನ ಆಗ್ನೇಯ ತುದಿಯಲ್ಲಿರುವ ಹೊಸ ಬಡಾವಣೆ. ಮನೆಗಳೆಲ್ಲ ಒಂದೇ ಅಚ್ಚಿನವು, ಬೀದಿಗಳಿಗೆಲ್ಲ ಹೂವಿನ ಹೆಸರು, ಮನುಷ್ಯನಿಗಿಂತ ಎತ್ತರದ ಮರ ಒಂದೂ ಇಲ್ಲ. ಗೂಗಲ್‌ಗೆ ಇನ್ನೂ ಗೊತ್ತಿಲ್ಲದ ಬೀದಿಯಲ್ಲಿ ಸುಧಾ ಹೊರಗೆ ಬಂದು ಕೈ ಬೀಸುತ್ತಿದ್ದಳು. ಸೊರಗಿದ್ದಳು. ಸಲ್ವಾರಿನ ತೋಳು ಸಡಿಲಾಗಿ ಜೋತಿತ್ತು.

"ಬರ್ರಿ ವೈನಿ. ದಾರ್ಯಾಗ ತ್ರಾಸ ಆಗ್ಲಿಲ್ಲ ಹೌದಿಲ್ಲೋ?" ಅಂದಳು.

ಮನೆಯೆಲ್ಲ ತೋರಿಸಿದಳು. ಅಡುಗೆಮನೆಯ ಕಲ್ಲು, ಮಹಡಿಯ ಕೋಣೆಗಳು, ದೇವರ ಮನೆ. ಒಂದು ಬಾಗಿಲು ಮಾತ್ರ ತೆರೆಯದೆ ಮುಂದೆ ಹೋದಳು. ಪೂರ್ತಿ ಮುಚ್ಚದ ಬಾಗಿಲ ಸಂದಿಯಲ್ಲಿ, ಕೂಸಿನ ಕೋಣೆಗೆ ಬಳಿಸುವಂಥ ಎಳೆಹಳದಿ ಗೋಡೆ ಸ್ವಲ್ಪ ಕಾಣುತ್ತಿತ್ತು. ನಾನೂ ಅವಳ ಹಿಂದೆಯೇ ನಡೆದೆ. ಅವಳ ಗಂಡ ಚೇತನ್, ಬೆಂಗಳೂರಿನವನು, ಕಾನೂನು ಎಂದರೆ ಎದ್ದು ನಿಲ್ಲುವ ಹುಡುಗ. ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಬಂದು ಸಿಟಿಜನ್‌ಶಿಪ್‌ಗೆ ಕಾಯುತ್ತಿದ್ದ. ರಸ್ತೆ ಖಾಲಿಯಿದ್ದರೂ ಹಸಿರು ದೀಪ ಬರುವವರೆಗೆ ದಾಟುವುದಿಲ್ಲ.

ಶನಿವಾರ ಬೆಳಿಗ್ಗೆ ನಾನೂ ಸುಧಾಳೂ ಹೂವು, ಬಾಳೆಎಲೆ, ತೆಂಗಿನಕಾಯಿ ತರಲು ಡ್ಯಾಂಡಿನಾಂಗ್ ಮಾರ್ಕೆಟ್‌ಗೆ ಹೋದೆವು. ಗಂಡಸರಿಬ್ಬರಿಗೂ ಮಂಟಪ ಬಿಚ್ಚಿ, ಒರೆಸಿ, ಜಾಗಕ್ಕೆ ಕೂಡಿಸುವ ಕೆಲಸ. ಮಾರ್ಕೆಟ್ಟಿನಲ್ಲಿ ಮೀನಿನವನು ಒಂದು ಕಡೆ ಕೂಗುತ್ತಿದ್ದಾನೆ, ಟೊಮೆಟೊದವನು ಇನ್ನೊಂದು ಕಡೆ. ಆ ಗದ್ದಲದಲ್ಲಿ ನನ್ನ ಫೋನ್ ಬಡಿದುಕೊಂಡಿತು. ಚೇತನ್.

"ಅಕ್ಕ, ಮಂಟಪದ ಹಿಂದೆಯಿಂದ ಒಂದು ಹಲ್ಲಿ ಬಿತ್ತು. ನನ್ ಶೋಲ್ಡರ್ ಮೇಲೇ ಬಿತ್ತು. ಬಾಲ ಕಟ್ ಆಗ್ಬಿಟ್ಟಿದೆ. ಏನ್ ಮಾಡ್ಲಿ?"

"ಹೊಡೀಬ್ಯಾಡ್ರಿ. ಅದು ನಮ್ಮೂರಿಂದ ಬಂದದ್ದ ಇರಬೇಕು, ಹಲಗಿ ಹಿಂದ ಕೂತಿರ್ತದ. ಒಂದು ಡಬ್ಬಿ ಮುಚ್ಚಿಡ್ರಿ, ಬರ್ತೀವಿ," ಅಂದೆ. ಫೋನ್ ಇಟ್ಟು ಬಾಳೆಎಲೆಯ ಚೌಕಾಸಿಗೆ ಮರಳಿದೆ.

ಮನೆಗೆ ಬಂದು ನೋಡಿದರೆ ಮಂಟಪವಿರಲಿಲ್ಲ. ಗ್ಯಾರೇಜಿನ ನಡುವೆ ಕರಿ ಪ್ಲಾಸ್ಟಿಕ್ಕಿನ ಒಂದು ಗಂಟು ನಿಂತಿತ್ತು, ಸುತ್ತಲೂ ಅಂಟುಪಟ್ಟಿ. ಪಕ್ಕದಲ್ಲಿ ಒಂದು ಊಟದ ಡಬ್ಬಿ, ಮುಚ್ಚಳಕ್ಕೆ ತೂತು. ಚೇತನ್ ಬೆವರುತ್ತ ನಿಂತಿದ್ದ. ನಮ್ಮವರು ಫೋನಿನಲ್ಲಿ ಪಂಚಾಂಗ ತೆಗೆದುಕೊಂಡು ಕೂತಿದ್ದರು.

"ವತ್ಸಲಾ, ಗಂಡಸರಿಗೆ ಬಲಗಡೆ ಬಿದ್ರ ಛಲೋ, ಎಡಗಡೆ ಬಿದ್ರ ಕೆಟ್ಟದ್ದು. ಇವ್ರಿಗೆ ಯಾವ ಕಡೆ ಬಿತ್ತು ಅನ್ನೋದ ನೆನಪಿಲ್ಲಂತ. ನೀ ಸಣ್ಣಾಕಿದ್ದಾಗ ಕಂಚಿಗೆ ಹೋಗಿ ಹಲ್ಲಿ ಮುಟ್ಟಿ ಬಂದೀದಿ ಹೌದಿಲ್ಲೋ? ಅವ್ರಿಗೆ ಒಂದಿಷ್ಟು ಕೈ ಮುಟ್ಟಿಸು," ಅಂದರು.

ಕಂಚಿಯ ದೇವಸ್ಥಾನದ ಬಂಗಾರದ ಹಲ್ಲಿಯನ್ನು ಮುಟ್ಟಿದವರಿಗೆ ಹಲ್ಲಿ ಬಿದ್ದ ದೋಷವಿಲ್ಲ, ಅವರನ್ನು ಮುಟ್ಟಿದವರಿಗೂ ಇಲ್ಲ ಎಂಬುದು ನಮ್ಮ ಕಡೆಯ ಲೆಕ್ಕ. ಚೇತನ್ ನಾಚಿಕೊಂಡೇ ನನ್ನ ಮೊಣಕೈ ಮುಟ್ಟಿದ. ಆಮೇಲೆ ನಿಜವಾದ ಸುದ್ದಿ ಹೇಳಿದ.

"ಅಕ್ಕ, ನೀವು ನಮ್ಮೂರಿಂದ ಬಂದಿದ್ದು ಅಂದ್ರಲ್ಲ, ಅದಕ್ಕೆ ಬಯೋಸೆಕ್ಯುರಿಟಿಗೆ, ಅದೇ ಹೊರದೇಶದಿಂದ ಬರೋ ಪ್ರಾಣಿ, ಮರ ಎಲ್ಲ ಚೆಕ್ ಮಾಡೋ ಇಲಾಖೆಗೆ, ರಿಪೋರ್ಟ್ ಮಾಡಿದೆ. ಇಂಡಿಯಾದಿಂದ ಬಂದಿರೋ ಹಲ್ಲಿ, ಇಂಡಿಯಾದಿಂದ ಬಂದಿರೋ ಮರ. ಆಮೇಲೆ ಗೊತ್ತಾದ್ರೆ ಪ್ರಾಬ್ಲಂ ಆಗುತ್ತಲ್ವಾ? ಅವ್ರು ಎಲ್ಲ ಸೀಲ್ ಮಾಡಿ, ಮಂಡೇ ಬರ್ತೀವಿ ಅಂದ್ರು."

"ಹಲ್ಲಿಗೆ?" ಎಂದು ಕೇಳಿದ್ದು ಸುಧಾ.

ಚೇತನ್ ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಒತ್ತಿದ. "ಹೊರದೇಶದ್ದು ಅಂತ ಆದ್ರೆ... ಇಟ್ಕೊಳಲ್ವಂತೆ. ಪೇನ್‌ಲೆಸ್ ಆಗಿ ಮಾಡ್ತಾರಂತೆ."

ನನಗೆ ಆಗ ಹೊಳೆಯಿತು. ನಾನು ನಮ್ಮೂರು ಎಂದಿದ್ದು ಕೆಲ್ಲಿವಿಲ್‌ಗೆ. ಅವನು ಕೇಳಿಸಿಕೊಂಡದ್ದು ಧಾರವಾಡ. ಅವನದೇನು ತಪ್ಪು? ಒಂಬತ್ತು ವರ್ಷದಲ್ಲಿ ನಾನು ನಮ್ಮೂರು ಎಂದಾಗಲೆಲ್ಲ ಅದು ಧಾರವಾಡವೇ ಆಗಿತ್ತು. ಹಿಂದಿನ ರಾತ್ರಿ ನುಚ್ಚಿನುಂಡೆ ಮಾಡಿದಾಗಲೂ ನಮ್ಮೂರಿನ ತಿಂಡಿ ಎಂದೇ ಅವನಿಗೆ ಬಡಿಸಿದ್ದೆ. ಕೆಲ್ಲಿವಿಲ್ ಯಾವಾಗ ನಮ್ಮೂರಾಯಿತೋ, ಬಾಳೆಎಲೆ ಕೊಳ್ಳುತ್ತ ನಿಂತಾಗ ಬಾಯಿಗೆ ಹೇಗೆ ಬಂತೋ, ನನಗೇ ಗೊತ್ತಿರಲಿಲ್ಲ.

"ಧಾರವಾಡದ ಹಲ್ಲಿ ಒಂಬತ್ತು ವರ್ಷ ಮಂಟಪದಾಗ ಏನು ತಿಂದು ಬದುಕಿತ್ತಪಾ?" ಎಂದು ಕೇಳಿದೆ.

"ಎಗ್ಸ್ ಇದ್ದಿರಬಹುದು ಅನ್ಕೊಂಡೆ ಅಕ್ಕ," ಅಂದ.

ಬೇರೆ ಹೊತ್ತಾಗಿದ್ದರೆ ನಗುತ್ತಿದ್ದೆ. ಸುಧಾ ಡಬ್ಬಿಯ ಮುಂದೆ ನೆಲದ ಮೇಲೆ ಕೂತುಬಿಟ್ಟಿದ್ದಳು. ಒಳಗೆ ಹಲ್ಲಿ ಅಲ್ಲಾಡದೆ ಒಂದು ಮೂಲೆಗೆ ಒತ್ತಿಕೊಂಡಿತ್ತು. ಹಿಂಬದಿಯಲ್ಲಿ ಬಾಲವಿದ್ದ ಕಡೆ ಕೆಂಪು ಗಾಯ.

"ಈ ಮನಿಗೆ ಬರೂಕಿಂತ ಮೊದಲ ಒಂದು ಹೋತು ವೈನಿ," ಅಂದಳು. ದನಿ ಏರಿಸಲಿಲ್ಲ, ತಲೆ ಎತ್ತಲಿಲ್ಲ. "ಬಂದ ಮ್ಯಾಲೂ ಒಂದು ಹೋಗೂದು ಬ್ಯಾಡ. ಏನರ ಮಾಡ್ರಿ."

ಚೇತನ್ ಗೋಡೆಗೆ ತಿರುಗಿ ನಿಂತ. ನಮ್ಮವರು ಪಂಚಾಂಗ ಮುಚ್ಚಿದರು. ಕೂಸು ಹೋದದ್ದರ ಬಗ್ಗೆ ಅವಳ ಬಾಯಿಂದ ನಾವು ಕೇಳಿದ ಮೊದಲ ಮಾತು ಅದು. ಈ ಹಲ್ಲಿಯನ್ನು ಉಳಿಸದೆ ಮನೆಗೆ ಹೋಗುವುದಿಲ್ಲ ಎಂದು ಆಗಲೇ ನಿಶ್ಚಯಿಸಿದೆ.

"ಬಾಲ ಎಲ್ಲಿ?" ಅಂದೆ.

ಡಸ್ಟ್‌ಪ್ಯಾನ್‌ನಲ್ಲಿತ್ತು. ಚೇತನ್ ಇಲಾಖೆಗೆ ಕಳಿಸಿದ ಫೋಟೊದಲ್ಲಿ ಬಾಲವಿಲ್ಲದ ಒಂದು ಕಂದು ಹಲ್ಲಿ, ಅಷ್ಟೇ. ಅದನ್ನು ನೋಡಿ ಯಾರೂ ಏನೂ ಹೇಳುವಂತಿರಲಿಲ್ಲ. ಆದರೆ ಬಾಲವನ್ನು ನೋಡಿದರೆ ಸಂಶಯಕ್ಕೆ ಎಡೆಯೇ ಇಲ್ಲ. ಅಂಗೈಗಿಂತ ಸಣ್ಣದು, ಚಪ್ಪಟೆ, ಅರಳಿ ಎಲೆಯ ಹಾಗೆ ನಡುವೆ ಅಗಲವಾಗಿ ತುದಿಗೆ ಚೂಪಾಗಿ ಇಳಿದದ್ದು. ಅಂಚಿನುದ್ದಕ್ಕೂ ಸಣ್ಣ ಸಣ್ಣ ಮುಳ್ಳು. ಧಾರವಾಡದ ಯಾವ ಗೋಡೆಯ ಮೇಲೂ ಇಂಥ ಬಾಲದ ಹಲ್ಲಿ ಓಡಾಡಿದ್ದಿಲ್ಲ.

ನನಗೆ ಅದು ಹಳೆಯ ಪರಿಚಯ. ಕೆಲ್ಲಿವಿಲ್‌ನ ನಮ್ಮ ಮನೆಯ ಹಿಂದೆ ಮಳೆನೀರಿನ ಹಳ್ಳವಿದೆ, ಹಳ್ಳದ ದಂಡೆಗೆ ಮರಳುಗಲ್ಲಿನ ಬಂಡೆಗಳು. ಬೇಸಿಗೆ ಸಂಜೆ ಈ ಹಲ್ಲಿಗಳು ಅಲ್ಲಿಂದ ಬಂದು ಗ್ಯಾರೇಜಿನ ಇಟ್ಟಿಗೆ ಗೋಡೆಗೆ ಅಂಟಿಕೊಳ್ಳುತ್ತವೆ. ಮೊದಲ ವರ್ಷ ನಾನು ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋಗಿದ್ದೆ. ನಾನು ಕೆಲಸ ಮಾಡುವ ಚೈಲ್ಡ್‌ಕೇರ್‌ನಲ್ಲಿ ಫೋಟೊ ತೋರಿಸಿದಾಗ, ಅದು ಎಲೆಬಾಲದ ಹಲ್ಲಿ, ಈ ಕಲ್ಲಿನದೇ ಮಗು, ನಿಮಗಿಂತ ಮೊದಲಿಂದ ಅಲ್ಲಿದೆ, ಬಿಟ್ಟುಬಿಡಿ ಎಂದು ಜೊತೆಯವರು ಬುದ್ಧಿ ಹೇಳಿದ್ದರು. ಅಂದಿನಿಂದ ಅದರ ಪಾಡಿಗೆ ಅದು, ನಮ್ಮ ಪಾಡಿಗೆ ನಾವು. ಲೊಚಗುಡುವ ಅಭ್ಯಾಸವಂತೂ ಅದಕ್ಕಿಲ್ಲ. ಹಾಗಾಗಿ ಮಾತಿನ ನಡುವೆ ನೆಲ ಕುಟ್ಟಿ ಕೃಷ್ಣ ಕೃಷ್ಣ ಎನ್ನುವ ಪ್ರಸಂಗವೇ ನಮ್ಮ ಮನೆಯಲ್ಲಿ ಬಂದಿಲ್ಲ.

ಇಲಾಖೆಗೆ ನಾನೇ ಫೋನ್ ಮಾಡಿದೆ. ಊರು ಎಂಬ ಶಬ್ದದ ಗೊಂದಲವನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಬಾಲದ ಫೋಟೊ ಕಳಿಸಿದೆ. ಸ್ವಲ್ಪ ಹೊತ್ತಿಗೆ ಆ ಕಡೆಯ ಹೆಂಗಸು ವಾಪಸು ಫೋನ್ ಮಾಡಿದರು. ಬೆಳಿಗ್ಗೆ ಚೇತನ್‌ಗೆ ಗಡುಸಾಗಿ ಕೇಳಿಸಿದ್ದ ದನಿ ಈಗ ಮೃದುವಾಗಿತ್ತು. "ಇದು ನಮ್ಮದೇ," ಅಂದರು. ಮಂಟಪ ಬಿಚ್ಚಿಕೊಳ್ಳಬಹುದು. ಆದರೆ ಹಲ್ಲಿಯನ್ನು ಇಟ್ಟುಕೊಳ್ಳುವಂತಿಲ್ಲ, ಇಲ್ಲಿ ಹೊರಗೆ ಬಿಡುವಂತೆಯೂ ಇಲ್ಲ. ಕಾಡುಪ್ರಾಣಿಗಳ ಆರೈಕೆಗೆ ಪರವಾನಗಿಯಿರುವ ಒಬ್ಬರು ಪೂರ್ವದ ಗುಡ್ಡಗಳ ಕಡೆ ಇದ್ದಾರೆ, ಅವರಿಗೆ ಒಪ್ಪಿಸಿ ಎಂದು ವಿಳಾಸ ಕೊಟ್ಟರು.

ಹೂವಿನ ಮಾಲೆ ಕಟ್ಟುವುದನ್ನು ಗಂಡಸರಿಗೆ ವಹಿಸಿ ಸುಧಾಳೂ ನಾನೂ ಹೋದೆವು. ಆರೈಕೆಯ ಹೆಂಗಸಿನ ಹೆಸರು ಹೆಲೆನ್. ಎಪ್ಪತ್ತರ ಆಸುಪಾಸು, ಮನೆ ತುಂಬ ಬೆಚ್ಚಗಿನ ದೀಪಗಳು. ಬಟ್ಟೆಯ ಬುಟ್ಟಿಯಲ್ಲಿ ಒಂದು ಪೋಸಮ್, ಇಲ್ಲಿನ ಮರಗಳ ಮೇಲಿರುವ ಬೆಕ್ಕಿನಷ್ಟು ದೊಡ್ಡ ಪ್ರಾಣಿ, ಮಲಗಿತ್ತು. ಹಲ್ಲಿಯನ್ನು ಬರಿಗೈಯಲ್ಲಿ ಎತ್ತಿ ತಿರುಗಿಸಿ ನೋಡಿದರು. ಅದು ಬಾಯಿ ತೆರೆದು ಕರಕರ ಎಂದು ಒಮ್ಮೆ ಕಿರುಚಿತು, ಆಮೇಲೆ ನಾಲಿಗೆ ಚಾಚಿ ತನ್ನ ಕಣ್ಣನ್ನೇ ನೆಕ್ಕಿಕೊಂಡಿತು. ಇದಕ್ಕೆ ರೆಪ್ಪೆಯಿಲ್ಲ, ಕಣ್ಣು ಒರೆಸಿಕೊಳ್ಳುವುದು ಹೀಗೆಯೇ ಎಂದರು ಹೆಲೆನ್. ಬೆರಳುಗಳನ್ನು ತೋರಿಸಿದರು. ಧಾರವಾಡದ ಮನೆಹಲ್ಲಿಗಳಿಗಿರುವಂಥ ಅಂಟುವ ಅಂಗಾಲಿಲ್ಲ, ಹಕ್ಕಿಯ ಹಾಗೆ ಸಣ್ಣ ಉಗುರು. ಗಾಜಿನ ಮೇಲೆ ಹತ್ತಲಾರದು, ಒರಟು ಕಲ್ಲು ಬೇಕು. ಈ ಕುಲದ ಹಲ್ಲಿಗಳು ಜಗತ್ತಿನಲ್ಲಿ ಆಸ್ಟ್ರೇಲಿಯಾ ಬಿಟ್ಟು ಇನ್ನೆಲ್ಲೂ ಇಲ್ಲವಂತೆ. ಉಳಿದವು ಉತ್ತರದ ಕ್ವೀನ್ಸ್‌ಲ್ಯಾಂಡ್‌ನ ಮಳೆಕಾಡುಗಳಲ್ಲಿ, ಕೆಲವಕ್ಕೆ ಒಂದೇ ಒಂದು ಬೆಟ್ಟವೇ ಇಡೀ ಪ್ರಪಂಚ. ಇದೊಂದು ಸಿಡ್ನಿ ಸುತ್ತಲಿನ ಮರಳುಗಲ್ಲಿನದು.

"ಬದುಕುತ್ತದೆಯೇ?" ಎಂದು ಸುಧಾ ಇಂಗ್ಲಿಷಿನಲ್ಲಿ ಕೇಳಿದಳು.

"ಚಳಿ ತಾಗದೆ, ಯಾರೂ ಕಾಡದೆ ಇದ್ದರೆ ಬದುಕುತ್ತದೆ," ಎಂದರು ಹೆಲೆನ್.

"ಬಾಲ?"

"ಬಾಲ ಬರುತ್ತದೆ. ಆದರೆ ಇದೇ ಬಾಲ ಬರುವುದಿಲ್ಲ. ಹೊಸದಕ್ಕೆ ಮುಳ್ಳಿರುವುದಿಲ್ಲ, ನುಣ್ಣಗಿರುತ್ತದೆ. ನೋಡಿದವರಿಗೆ ಗೊತ್ತಾಗುತ್ತದೆ."

ಸುಧಾ ತಲೆಯಾಡಿಸಿದಳು. ಸಿಕ್ಕ ಜಾಗ ಖಚಿತವಾಗಿ ಗೊತ್ತಿದ್ದರೆ ಮಾತ್ರ ವಾಪಸು ಬಿಡಲು ಅನುಮತಿ ಸಿಗುತ್ತದೆ, ಗೊತ್ತಿಲ್ಲದಿದ್ದರೆ ಉಳಿದ ಆಯುಷ್ಯವೆಲ್ಲ ಗಾಜಿನ ಪೆಟ್ಟಿಗೆಯೇ ಗತಿ ಎಂದು ಹೆಲೆನ್ ನನ್ನ ಕಡೆ ನೋಡಿದರು. ಗ್ಯಾರೇಜು, ಗೋಡೆ, ಹಳ್ಳ, ಬಂಡೆ, ಎಲ್ಲವನ್ನೂ ನಕ್ಷೆಯಲ್ಲಿ ತೋರಿಸಿದೆ. ಪೊರಕೆಯ ಸುದ್ದಿಯೊಂದನ್ನು ಬಿಟ್ಟೆ.

ಭಾನುವಾರ ಗೃಹಪ್ರವೇಶ ಚೆನ್ನಾಗಿ ಆಯಿತು. ಬೆಳಿಗ್ಗೆ ಕೊರೆಯುವ ಚಳಿ, ಆಮೇಲೆ ಎಳೆಬಿಸಿಲು. ಮಂಟಪ ದೇವರ ಮನೆಯಲ್ಲಿ ಅಳತೆಗೆ ಸರಿಯಾಗಿ ಕೂತಿತು. ಹೋಮದ ಹೊಗೆಗೆ ಅಲಾರಂ ಕೂಗದಿರಲೆಂದು ಚೇತನ್ ಬೀಸಣಿಗೆ ಹಿಡಿದು ಏಣಿಯ ಮೇಲೆಯೇ ಇದ್ದ. ಪುರೋಹಿತರು ಯಜಮಾನನನ್ನು ಕೆಳಗಿಳಿಸಲು ಎರಡು ಸಲ ಕರೆಯಬೇಕಾಯಿತು. ಹಾಲು ಉಕ್ಕಿತು. ಉಕ್ಕಿದ್ದೇ ಸುಧಾ ಒಲೆ ಬಿಟ್ಟು ಫೋನ್ ನೋಡಿದಳು. ಹಲ್ಲಿ ಒಂದು ಜಿರಲೆ ತಿಂದಿತೆಂದು ಹೆಲೆನ್ ಬರೆದಿದ್ದರು. ಅದನ್ನು ಬಂದವರಿಗೆಲ್ಲ ತೋರಿಸಿದಳು, ಪುರೋಹಿತರಿಗೂ ಸಹ. ಅವರು ಏನು ಹೇಳಬೇಕೋ ತಿಳಿಯದೆ ಶುಭಂ ಅಂದರು.

ಹಲ್ಲಿಯನ್ನು ಕೆಲ್ಲಿವಿಲ್‌ಗೆ ವಾಪಸು ಒಯ್ಯಲು ಎರಡೂ ರಾಜ್ಯಗಳಿಂದ ಅನುಮತಿ ಬರಲು ಬುಧವಾರವಾಯಿತು. ಅಲ್ಲಿಯವರೆಗೆ ನಮ್ಮವರು ಸುಧಾಳ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡಿದರು, ನಾನು ರಜೆ ಮುಂದುವರಿಸಿದೆ. ಹೊರಡುವ ಹಿಂದಿನ ದಿನ ಸುಧಾ, "ನಾನೂ ಬರ್ತೀನಿ, ನಾನ ಹಿಡ್ಕೊಂಡು ಕೂಡ್ತೀನಿ," ಅಂದಳು. ಚೇತನ್‌ಗೆ ಕೆಲಸ ಬಿಡುವಂತಿರಲಿಲ್ಲ. ಅವಳ ದಪ್ಪ ಜಾಕೆಟ್ ತಂದು ಕಾರಿನಲ್ಲಿ ಇಟ್ಟ.

"ಸಾರಿ ಅಕ್ಕ, ನಾನು ಫೋನ್ ಮಾಡದೆ ಇದ್ದಿದ್ರೆ ಇಷ್ಟೆಲ್ಲ ಆಗ್ತಾ ಇರ್ಲಿಲ್ಲ," ಅಂದ.

"ನೀವು ಫೋನ್ ಮಾಡದಿದ್ರ ಅದು ಚಳ್ಯಾಗ ನಿಮ್ಮ ಗ್ಯಾರೇಜಿನಾಗ ಸಾಯ್ತಿತ್ತು. ಛಲೋನ ಆತು," ಎಂದೆ. ಸಮಾಧಾನಕ್ಕೆ ಹೇಳಿದ್ದಲ್ಲ, ನಿಜ ಅದೇ.

ಹಿಂದಿರುಗುವ ಪ್ರಯಾಣವನ್ನು ಒಂದೇ ದಿನದಲ್ಲಿ ಮುಗಿಸಿದೆವು. ಡಬ್ಬಿಯ ಬದಲು ಈಗ ಹೆಲೆನ್ ಕೊಟ್ಟ ಪೆಟ್ಟಿಗೆ, ಒಳಗೆ ಒದ್ದೆ ಬಟ್ಟೆ, ಮರದ ತೊಗಟೆ. ಸುಧಾ ಅದನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು. ಕಾರಿನ ಹೀಟರ್ ಎಷ್ಟಿರಬೇಕೆಂದು ಅಣ್ಣ ತಂಗಿಗೆ ಬೆನಾಲಾವರೆಗೆ ವಾದ ನಡೆಯಿತು. ಕಟ್ಟಲು ಏನೂ ಇಲ್ಲದ್ದರಿಂದ ನಮ್ಮವರ ಹಗ್ಗ ಡಿಕ್ಕಿಯಲ್ಲಿ ಸುಮ್ಮನೆ ಬಿದ್ದಿತ್ತು. ಮರ್ರೀ ನದಿ ಈ ಸಲ ಅನುಮತಿಯೊಂದಿಗೆ ದಾಟಿದೆವು.

ಹೋಲ್‌ಬ್ರೂಕ್‌ನಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಸಮುದ್ರದಿಂದ ಅಷ್ಟು ದೂರದ ಆ ಊರಿನ ನಡುವೆ ಹುಲ್ಲಿನ ಮೇಲೆ ಒಂದು ಜಲಾಂತರ್ಗಾಮಿ ಮಲಗಿದೆ. ನಮ್ಮವರು ಅದನ್ನು ನೋಡಲು ಹೋದರು. ಸುಧಾ ಇಳಿಯಲಿಲ್ಲ, ನಾನು ಅವಳ ಪಕ್ಕಕ್ಕೆ ಬಂದು ಕೂತೆ.

"ಹೆಲೆನ್ ಬಾಲದ್ದು ಹೇಳಿದ್ದು ಕೇಳಿದ್ರೇನ್ರಿ ವೈನಿ?" ಅಂದಳು. "ಬರ್ತದ, ಆದ್ರ ಅದ ಬರಂಗಿಲ್ಲ ಅಂತ. ನಂಗ ಯಾರೂ ಹಂಗ ಹೇಳ್ಲಿಲ್ಲ ನೋಡ್ರಿ. ಎಲ್ಲಾರೂ ಮತ್ತೊಂದು ಆಗ್ತದ, ಮತ್ತೊಂದು ಆಗ್ತದ ಅಂದ್ರು."

ಥರ್ಮಾಸ್‌ನಿಂದ ಚಹಾ ಬಗ್ಗಿಸಿ ಕೊಟ್ಟೆ. ಎರಡೂ ಕೈ ಪೆಟ್ಟಿಗೆಯ ಮೇಲಿದ್ದವು, ಹಾಗಾಗಿ ಲೋಟ ನಾನೇ ಹಿಡಿದೆ, ಅವಳು ಕುಡಿದಳು. ಆಮೇಲೆ ಗೋಲ್ಬರ್ನ್‌ವರೆಗೆ ಅವಳೇ ಮಾತಾಡಿದಳು. ಆಸ್ಪತ್ರೆಯ ಕಿಟಕಿಯಿಂದ ಏನು ಕಾಣುತ್ತಿತ್ತು, ನರ್ಸ್ ಏನು ಹೆಸರಿಡುತ್ತೀರಿ ಎಂದು ಕೇಳಿದ್ದು, ತಾವಿಬ್ಬರೂ ಏನೂ ಹೇಳದೆ ಬಂದದ್ದು. ಮುಂದೆ ಕೂತ ಅಣ್ಣ ಕಾರು ಓಡಿಸಿದರು. ಕಣ್ಣು ಒರೆಸಿಕೊಳ್ಳುವುದು ಮಾತ್ರ ಪಕ್ಕದಲ್ಲಿದ್ದ ನನಗೆ ಕಾಣುತ್ತಿತ್ತು, ಏಕೆಂದರೆ ಗುಂಡಗಾಯ್ ಆದ ಮೇಲೆ ನಾನು ಮುಂದಿನ ಸೀಟಿಗೆ ಬಂದಿದ್ದೆ.

ಮರುದಿನ ಸಂಜೆ ಸಿಡ್ನಿಯ ಆರೈಕೆಯವರೊಬ್ಬರು ಬಂದು ಗಾಯ ನೋಡಿದರು. ಒಣಗಿದೆ, ಇವತ್ತು ಸೆಕೆಯೂ ಇದೆ, ಬಿಡಬಹುದು ಎಂದು ಹೇಳಿ ಹೋದರು. ಹೊತ್ತು ಮುಳುಗುವಾಗ ನಾವು ಮೂವರೂ ಹಳ್ಳಕ್ಕೆ ಇಳಿದೆವು. ಬಂಡೆ ಹಗಲಿನ ಕಾವನ್ನು ಇನ್ನೂ ಹಿಡಿದಿತ್ತು. ಮಧ್ಯದಲ್ಲಿ ಅಡ್ಡಕ್ಕೆ ಒಂದು ಬಿರುಕು, ಕೈಬೆರಳು ಹೋಗುವಷ್ಟು. ಸುಧಾ ಮಂಡಿಯೂರಿ ಪೆಟ್ಟಿಗೆಯ ಮುಚ್ಚಳ ತೆಗೆದು ಅದನ್ನು ಕಲ್ಲಿಗೆ ಆನಿಸಿದಳು.

ಹಲ್ಲಿ ಹೊರಗೆ ಬರಲಿಲ್ಲ. ನಮ್ಮವರು ಪೆಟ್ಟಿಗೆ ತಟ್ಟಲು ಕೈ ಚಾಚಿದರು.

"ಬ್ಯಾಡಣ್ಣ. ತಾನ ಹೋಗ್ಲಿ," ಅಂದಳು ಸುಧಾ.

ಕಾದೆವು. ಸೊಳ್ಳೆ ಕಡಿಯುತ್ತಿದ್ದವು. ಕೊನೆಗೆ ಒಂದು ಕಾಲು ಕಲ್ಲಿನ ಮೇಲೆ ಬಂತು, ಆಮೇಲೆ ಇನ್ನೊಂದು. ಉಗುರು ಕಲ್ಲನ್ನು ಹಿಡಿದದ್ದೇ ಅದರ ನಡಿಗೆ ಬದಲಾಯಿತು. ಮೆಲ್ಬರ್ನ್‌ನ ಡಬ್ಬಿಯಲ್ಲಿ ಮುದುಡಿ ಕೂತದ್ದು ಇದೇ ಎಂದು ಹೇಳಲಾಗದಂತೆ, ಬಾಲವಿಲ್ಲದೆಯೇ, ಬಂಡೆಯ ಮೇಲೆ ಸರಸರ ನಡೆದು ಬಿರುಕಿನ ಅಂಚಿಗೆ ಹೋಗಿ ನಿಂತಿತು. ಕಲ್ಲಿನ ಬಣ್ಣ, ಅದರ ಬಣ್ಣ ಒಂದೇ. ನಾನು ಕಣ್ಣು ಮಿಟುಕಿಸಿ ನೋಡುವಷ್ಟರಲ್ಲಿ ಇರಲಿಲ್ಲ.

ಸುಧಾ ಎದ್ದಳು. ಚೇತನ್‌ಗೆ ಫೋನ್ ಹಚ್ಚಿದಳು.

"ಹೋತು," ಅಂದಳು. "ಜೀವಂತ ಹೋತು. ತಾನ ನಡಕೋತ ಹೋತು." ಆ ಕಡೆಯಿಂದ ಅವನು ಏನೋ ಹೇಳಿದ. ಅವಳು ಖಾಲಿ ಪೆಟ್ಟಿಗೆಯನ್ನು ಕೆಳಗಿಟ್ಟು ಬಂಡೆಗೆ ಬೆನ್ನು ಕೊಟ್ಟು ಕೂತಳು. "ಚೇತನ್, ನೀ ಫೋನ್ ಇಡಬ್ಯಾಡ. ನಂಗ ಅಳು ಬರ್ಲಿಕ್ಕತ್ತದ."

ನಾನು ನಮ್ಮವರ ತೋಳು ಹಿಡಿದು ಮೇಲಕ್ಕೆ ಕರೆದುಕೊಂಡು ಬಂದೆ. ಹಿತ್ತಲ ಬಾಗಿಲ ತನಕ ಅವಳ ಅಳು ಕೇಳಿಸುತ್ತಿತ್ತು. ನಾವು ಬಾಗಿಲು ಹಾಕದೆ ಅಲ್ಲೇ ಮೆಟ್ಟಿಲ ಮೇಲೆ ಕೂತೆವು.